ನೆನಪೋಲೆಗೆ ಇಂಗ್ಲಿಷಿನಲ್ಲಿ ಉತ್ತರ: ‘ಆಯ್ತು’ ಎಂದರೆ ‘ಡನ್’ ಅಲ್ಲ



ನಮ್ಮ ಉದ್ಯಮದಲ್ಲಿ ನೆನಪೋಲೆ ಬಾರದ ದಿನವಿಲ್ಲ. ಪ್ರವಾಸದವರು ಊಟದ ಲೆಕ್ಕ ಕೇಳುತ್ತಾರೆ, ಆಡಿಟರು ಬಿಲ್ಲು ಕೇಳುತ್ತಾರೆ, ದಿನಸಿಯವರು ಬಾಕಿ ಕೇಳುತ್ತಾರೆ. ಮೊದಲು ಫೋನಿನಲ್ಲಿ ಕನ್ನಡದಲ್ಲೋ ಹಿಂದಿಯಲ್ಲೋ ಮುಗಿಯುತ್ತಿದ್ದ ಮಾತು ಈಗ ವಾಟ್ಸಾಪಿನಲ್ಲಿ, ಇ-ಮೇಲಿನಲ್ಲಿ ಇಂಗ್ಲಿಷಾಗಿ ಬರುತ್ತದೆ. ಅದಕ್ಕೆ ಎರಡು ಸಾಲು ಉತ್ತರ ಬರೆಯುವುದು ಹೇಗೆ ಎಂಬುದೇ ಈ ಪಾಠ.

ಉದಾಹರಣೆಗೆ ಕಾಶಿಯ ಹನುಮಾನ್ ಘಾಟನ್ನು ಆರಿಸಿಕೊಂಡಿದ್ದೇವೆ. ದಕ್ಷಿಣದ ಯಾತ್ರಿಕರು ತಲೆಮಾರುಗಳಿಂದ ಇಳಿದುಕೊಳ್ಳುವ ಕೇರಿ ಅದು. ಕಂಚಿ ಮಠದ ಶಾಖೆ ಅಲ್ಲಿದೆ, ಪಕ್ಕದಲ್ಲೇ ಹರಿಶ್ಚಂದ್ರ ಘಾಟಿನ ಕಡೆಗೆ ಕರ್ನಾಟಕ ಘಾಟ್ ಇದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು. ಹೀಗೆ ತಂಡವಾಗಿ ಬರುವವರಿಗೆ ಊಟ ಒದಗಿಸುವವರು ಯಾತ್ರಿಕರೊಡನೆ ಕನ್ನಡ, ಕೆಲಸದವರೊಡನೆ ಹಿಂದಿ, ಪ್ರವಾಸ ಸಂಸ್ಥೆಯೊಡನೆ ಇಂಗ್ಲಿಷ್ ಬಳಸಬೇಕಾಗುತ್ತದೆ. ಎಡವಟ್ಟು ಆಗುವುದು ಈ ಮೂರರ ಸಂದಿಯಲ್ಲಿ.

ಒಂದು ಸಂದರ್ಭ ಊಹಿಸಿಕೊಳ್ಳಿ

ಹನುಮಾನ್ ಘಾಟಿನ ಒಂದು ಕನ್ನಡ ಮೆಸ್ಸಿಗೆ ಸೋಮವಾರ ಮಧ್ಯಾಹ್ನ ಸಂದೇಶ ಬರುತ್ತದೆ: ‘ಜೆಂಟಲ್ ರಿಮೈಂಡರ್. ಪ್ಲೀಸ್ ಕನ್‌ಫರ್ಮ್ ಲಂಚ್ ಫಾರ್ ಫಾರ್ಟಿ ಎಯ್ಟ್ ಟುಮಾರೋ. ನೋ ಆನಿಯನ್, ನೋ ಗಾರ್ಲಿಕ್.’ ಯಜಮಾನರು ಮನಸ್ಸಿನಲ್ಲಿ ‘ಆಯ್ತು’ ಎಂದುಕೊಂಡು ‘ಡನ್’ ಎಂದು ಒತ್ತುತ್ತಾರೆ. ಅಡಿಗೆಯವರಿಗೆ ಹೇಳಿದರಾಯಿತು ಎಂದು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅತ್ತ ಪ್ರವಾಸದವರು ‘ಡನ್’ ನೋಡಿ, ಅಡಿಗೆಯವರಿಗೆ ಹೇಳಿಯೂ ಆಗಿದೆ, ಸಾಮಾನೂ ಬಂದಿದೆ ಎಂದು ನಿಶ್ಚಿಂತರಾಗುತ್ತಾರೆ. ಮತ್ತೆ ಫೋನು ಮಾಡುವುದಿಲ್ಲ. ಮರುದಿನ ಪಿಂಡಪ್ರದಾನ ಮುಗಿಸಿ, ಬೆಳಗಿನಿಂದ ಏನೂ ತಿನ್ನದ 48 ಮಂದಿ ಹಿರಿಯರು ಒಂದು ಗಂಟೆಗೆ ಎಲೆಯ ಮುಂದೆ ಕೂರುತ್ತಾರೆ. ಹುಳಿಯಲ್ಲಿ ಈರುಳ್ಳಿ ತೇಲುತ್ತಿರುತ್ತದೆ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಕನ್ನಡದ ‘ಆಯ್ತು’ ಎಂಬ ಪದಕ್ಕೆ ಎರಡು ಅರ್ಥ: ಒಪ್ಪಿದೆ ಎಂದೂ ಹೌದು, ಮುಗಿಯಿತು ಎಂದೂ ಹೌದು. ಇಂಗ್ಲಿಷಿನ ‘ಡನ್’ ಎಂಬುದನ್ನು ಓದುವವರು ಕೆಲಸ ಮುಗಿದಿದೆ ಎಂದೇ ತಿಳಿಯುತ್ತಾರೆ. ಒಪ್ಪಿಗೆಗೆ ‘ವಿಲ್ ಡೂ’ ಎನ್ನಿ. ಮುಗಿದ ಮೇಲೆ ‘ಡನ್’ ಎನ್ನಿ.

ಉತ್ತರಕ್ಕೆ ಮೂರು ಅಂಗ

ನೆನಪಿಸಿದವರಿಗೆ ತಿಳಿಯಬೇಕಾದದ್ದು ಮೂರೇ ವಿಷಯ: ಸಂದೇಶ ತಲುಪಿತೇ, ಕೆಲಸ ಯಾವ ಹಂತದಲ್ಲಿದೆ, ಯಾವಾಗ ಮುಗಿಯುತ್ತದೆ. ಆದ್ದರಿಂದ ಉತ್ತರವೂ ಮೂರು ತುಂಡಾಗಿರಲಿ.

1. ವಂದನೆ: ‘ಥ್ಯಾಂಕ್ಸ್ ಫಾರ್ ದಿ ರಿಮೈಂಡರ್.’
2. ಸ್ಥಿತಿ: ‘ಲಂಚ್ ಫಾರ್ ಫಾರ್ಟಿ ಎಯ್ಟ್, ನೋ ಆನಿಯನ್, ನೋ ಗಾರ್ಲಿಕ್, ನೋಟೆಡ್.’
3. ಸಮಯ: ‘ಐ ವಿಲ್ ಕನ್‌ಫರ್ಮ್ ವಿತ್ ದಿ ಕುಕ್ ಬೈ ಫೈವ್ ಟುಡೇ.’

ಎರಡನೆಯ ಅಂಗದಲ್ಲಿ ಅವರು ಹೇಳಿದ್ದನ್ನೇ ತಿರುಗಿ ಬರೆಯುವುದು ಮುಖ್ಯ. ಸಂಖ್ಯೆ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಿಲ್ದಾಣಕ್ಕೆ ತಿಂಡಿ ಪೊಟ್ಟಣ ಕಳಿಸುವಾಗಲಂತೂ ಇದು ಬೇಕೇ ಬೇಕು. ಮಂಡುವಾಡೀಹ್ ನಿಲ್ದಾಣಕ್ಕೆ 2021ರಲ್ಲಿ ‘ಬನಾರಸ್’ ಎಂದು ಹೆಸರಾಯಿತು. ‘ವಾರಣಾಸಿ ಜಂಕ್ಷನ್’ ಬೇರೆಯೇ ನಿಲ್ದಾಣ. ಮುಘಲ್‌ಸರಾಯ್ 2018ರಿಂದ ‘ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್’. ಬರೀ ‘ನೋಟೆಡ್’ ಎಂದರೆ ಇಡ್ಲಿ ಒಂದು ಕಡೆ, ಯಾತ್ರಿಕರು ಇನ್ನೊಂದು ಕಡೆ ಆದೀತು. ‘ನೋಟೆಡ್, ಬನಾರಸ್ ಸ್ಟೇಷನ್, ಸೆವೆನ್ ಎ.ಎಂ.’ ಎಂದು ಬರೆಯಿರಿ.

ಮೂರನೆಯ ಅಂಗ ನಮ್ಮ ಅಡಿಗೆಮನೆಗೇ ಒಳ್ಳೆಯದು. ಮರುದಿನದ ಇಡ್ಲಿಗೆ ಅಕ್ಕಿ, ಉದ್ದು ಇಂದೇ ನೆನೆಯಬೇಕು. ಚಳಿಗಾಲದ ಕಾಶಿಯಲ್ಲಿ ಹಿಟ್ಟು ಹುಳಿ ಬರಲು ಇನ್ನೂ ಹೆಚ್ಚು ಹೊತ್ತು ಬೇಕು. ಉತ್ತರದಲ್ಲಿ ಗಂಟೆ ಬರೆದವರು ಆ ಗಂಟೆಗೆ ಅಡಿಗೆಮನೆಗೆ ಹೋಗಿಯೇ ಹೋಗುತ್ತಾರೆ.

ನಾವು ಜಾರುವ ಐದು ಜಾಗಗಳು

ಒಂದು: ‘ಗೊತ್ತು, ನೆನಪಿದೆ ಸಾರ್’ ಎಂದು ಕನ್ನಡದಲ್ಲಿ ಹೇಳಿದರೆ ಅದು ಭರವಸೆಯ ಮಾತು. ಅದನ್ನೇ ‘ಐ ನೋ’ ಎಂದು ಬರೆದರೆ ‘ನೀವೇನು ಹೇಳುವುದು’ ಎಂದು ಸಿಡುಕಿದಂತೆ ಕೇಳುತ್ತದೆ. ‘ಥ್ಯಾಂಕ್ ಯೂ, ಇಟ್ ಈಸ್ ಆನ್ ಮೈ ಲಿಸ್ಟ್’ ಎನ್ನಿ.

ಎರಡು: ‘ನೋಡ್ತೀನಿ’ ಎಂಬುದಕ್ಕೆ ‘ಐ ವಿಲ್ ಸೀ’ ಎಂದು ಬರೆಯಬೇಡಿ. ಮಾಡಿದರೂ ಮಾಡಿಯೇನು, ಬಿಟ್ಟರೂ ಬಿಟ್ಟೇನು ಎಂಬ ಅರ್ಥ ಬರುತ್ತದೆ. ‘ಐ ವಿಲ್ ಚೆಕ್ ಅಂಡ್ ಟೆಲ್ ಯೂ ಬೈ ಫೋರ್’ ಎನ್ನಿ.

ಮೂರು: ‘ಇದೋ ಕಳಿಸಿದೆ’, ‘ಬಂದೆ ಬಂದೆ’ ಎಂದು ಕೆಲಸಕ್ಕೆ ಮುಂಚೆಯೇ ಭೂತಕಾಲದಲ್ಲಿ ಹೇಳುವುದು ನಮ್ಮ ರೂಢಿ. ಇಂಗ್ಲಿಷಿನಲ್ಲಿ ‘ಐ ಸೆಂಟ್’ ಎಂದರೆ ಕಳಿಸಿಯಾಗಿದೆ. ಅವರು ಇ-ಮೇಲ್ ತೆಗೆದು ಹುಡುಕುತ್ತಾ ಕೂರುತ್ತಾರೆ. ‘ಐ ಆಮ್ ಸೆಂಡಿಂಗ್ ಇಟ್ ನೌ’ ಎನ್ನಿ.

ನಾಲ್ಕು: ‘ಐದು ಗಂಟೆಯೊಳಗೆ’ ಎಂದರೆ ನಮಗೆ ಗಡಿಯಾರದ ಐದು. ‘ವಿದಿನ್ ಫೈವ್ ಅವರ್ಸ್’ ಎಂದರೆ ಈಗಿನಿಂದ ಐದು ತಾಸು. ಮಧ್ಯಾಹ್ನ ಮೂರಕ್ಕೆ ಹೀಗೆ ಬರೆದರೆ ಅವರು ರಾತ್ರಿ ಎಂಟರವರೆಗೆ ಕಾಯುತ್ತಾರೆ. ‘ಬೈ ಫೈವ್ ಪಿ.ಎಂ.’ ಎನ್ನಿ. ‘ಟಿಲ್ ಫೈವ್’ ಕೂಡ ಬೇಡ. ಅದು ಐದರವರೆಗೂ ಕಳಿಸುತ್ತಲೇ ಇರುತ್ತೇನೆ ಎಂಬಂತಾಗುತ್ತದೆ.

ಐದು: ‘ರಿಮೈಂಡ್’ ಎಂದರೆ ನೆನಪಿಸುವುದು. ‘ರಿಮೆಂಬರ್’ ಎಂದರೆ ನೆನಪಿಟ್ಟುಕೊಳ್ಳುವುದು. ‘ಥ್ಯಾಂಕ್ಸ್ ಫಾರ್ ರಿಮೈಂಡಿಂಗ್ ಮಿ’ ಸರಿ. ‘ಥ್ಯಾಂಕ್ಸ್ ಫಾರ್ ರಿಮೆಂಬರಿಂಗ್ ಮಿ’ ಎಂದರೆ ನನ್ನನ್ನು ಮರೆಯದೆ ಇದ್ದದ್ದಕ್ಕೆ ವಂದನೆ ಎಂದಾಗುತ್ತದೆ. ಬಾಕಿ ಕೇಳಿದವರಿಗೆ ಹೀಗೆ ಬರೆದರೆ ಅವರು ನಕ್ಕಾರು.

ನಿಜವಾಗಿ ಮರೆತಿದ್ದರೆ

ಮರೆವು ಎಲ್ಲರಿಗೂ ಉಂಟು. ಕಾರಣಗಳ ಪಟ್ಟಿ ಬೇಡ. ‘ಸಾರಿ, ಇಟ್ ಸ್ಲಿಪ್ಡ್ ಮೈ ಮೈಂಡ್. ಐ ಆಮ್ ಡೂಯಿಂಗ್ ಇಟ್ ನೌ’ ಎಂದರೆ ಸಾಕು. ಕೆಲಸ ಮುಗಿದ ಮೇಲೆ ಇನ್ನೊಂದು ಸಾಲು: ‘ಡನ್. ಪ್ಲೀಸ್ ಚೆಕ್.’ ನೆನಪೋಲೆ ಬರುವ ಮೊದಲೇ ಕೆಲಸ ಮುಗಿದಿದ್ದರೂ ಎದುರಾಡಬೇಡಿ. ‘ಥ್ಯಾಂಕ್ ಯೂ, ಆಲ್‌ರೆಡಿ ಸೆಂಟ್ ದಿಸ್ ಮಾರ್ನಿಂಗ್’ ಎಂದರೆ ಇಬ್ಬರ ಮಾನವೂ ಉಳಿಯುತ್ತದೆ.

‘ಜೆಂಟಲ್ ರಿಮೈಂಡರ್’ ಎಂಬ ಮಾತಿಗೆ ಸಿಟ್ಟಾಗಬೇಕಿಲ್ಲ, ಅದು ಪತ್ರ ವ್ಯವಹಾರದ ಸೌಜನ್ಯ. ‘ಸೆಕೆಂಡ್ ರಿಮೈಂಡರ್’ ಎಂದರೆ ಮೊದಲನೆಯದಕ್ಕೆ ನಾವು ಉತ್ತರಿಸಿಲ್ಲ. ‘ಫೈನಲ್ ರಿಮೈಂಡರ್’ ಬಂದ ದಿನ ಫೋನನ್ನೇ ಎತ್ತಿಕೊಳ್ಳಿ. ಇನ್ನೊಂದು ಮಾತು: ವಾಟ್ಸಾಪಿನ ನೀಲಿ ಗುರುತು ಉತ್ತರವಲ್ಲ. ಓದಿಯೂ ಸುಮ್ಮನಿದ್ದಾರೆ ಎಂದಷ್ಟೇ ಅದು ಹೇಳುತ್ತದೆ.

ಅಭ್ಯಾಸ

ಉತ್ತರ ನೋಡದೆ, ಗಲ್ಲೆಯಲ್ಲಿ ಕೂರುವ ಹುಡುಗರಿಂದಲೂ ಇವನ್ನು ಇಂಗ್ಲಿಷಿನಲ್ಲಿ ಹೇಳಿಸಿ.

ಅ) ನೆನಪಿಸಿದ್ದಕ್ಕೆ ವಂದನೆ. ಬಿಲ್ಲು ಸಂಜೆ ಆರರೊಳಗೆ ಕಳಿಸುತ್ತೇನೆ.
ಆ) ಆಯ್ತು, ಅಡಿಗೆಯವರಿಗೆ ಹೇಳುತ್ತೇನೆ.
ಇ) ಆಯ್ತು, ಅಡಿಗೆಯವರಿಗೆ ಹೇಳಿದ್ದೇನೆ.

ಉತ್ತರ: ಅ) ‘ಥ್ಯಾಂಕ್ಸ್ ಫಾರ್ ದಿ ರಿಮೈಂಡರ್. ಐ ವಿಲ್ ಸೆಂಡ್ ದಿ ಬಿಲ್ ಬೈ ಸಿಕ್ಸ್ ಪಿ.ಎಂ.’ ಆ) ‘ವಿಲ್ ಡೂ. ಐ ವಿಲ್ ಟೆಲ್ ದಿ ಕುಕ್.’ ಇ) ‘ಡನ್. ಐ ಹ್ಯಾವ್ ಟೋಲ್ಡ್ ದಿ ಕುಕ್.’

ಆ ಮತ್ತು ಇ ನಡುವಿನ ವ್ಯತ್ಯಾಸ ಗಲ್ಲೆಯ ಹುಡುಗನಿಗೆ ತಿಳಿದರೆ ಈ ಪಾಠ ಸಾರ್ಥಕ. ಮೂರು ಅಂಗಗಳನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಡಿ. ದೂರದೂರಿನಿಂದ ನಮ್ಮನ್ನು ನಂಬಿ ಬರುವವರು ನಮ್ಮ ಇಂಗ್ಲಿಷಿಗೆ ಅಂಕ ಹಾಕುವುದಿಲ್ಲ. ಹೇಳಿದ ಹೊತ್ತಿಗೆ ಹೇಳಿದ ಊಟ ಎಲೆಗೆ ಬಿತ್ತೇ ಎಂದು ನೋಡುತ್ತಾರೆ.