ಬಿದ್ದ ಹಲ್ಲು ಒಣಗದಿರಲಿ

ಬಸವನಗುಡಿಯ ಮೈದಾನದಲ್ಲಿ ಕ್ರಿಕೆಟ್ ಚೆಂಡು ಬಡಿದು ಹನ್ನೊಂದು ವರ್ಷದ ಹುಡುಗನ ಮುಂದಿನ ಹಲ್ಲು ಬೇರುಸಮೇತ ಕಳಚಿತ್ತು. ಅಪ್ಪ ಅದನ್ನು ಸೋಪು ಹಾಕಿ ಉಜ್ಜಿ, ಕಾಗದದಲ್ಲಿ ಮಡಚಿ, ಜೇಬಿನಲ್ಲಿಟ್ಟುಕೊಂಡು ನನ್ನ ಕ್ಲಿನಿಕ್ಕಿಗೆ ತಂದರು. ಅಷ್ಟು ಜೋಪಾನ ಮಾಡಿದ್ದರೂ ಬೇರು ಪೂರ್ತಿ ಒಣಗಿಹೋಗಿತ್ತು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೇರಿನ ಸುತ್ತ ತೆಳುವಾದ ಪೊರೆಯಿದೆ. ಹಲ್ಲು ಮತ್ತೆ ದವಡೆಗೆ ಕಚ್ಚಿಕೊಳ್ಳುವುದು ಅದರ ಜೀವಕೋಶಗಳಿಂದ. ಒಂದು ಗಂಟೆ ಗಾಳಿಗೆ ಒಣಗಿದರೆ ಅವು ಉಳಿಯುವುದಿಲ್ಲ. ಆದ್ದರಿಂದ ಹಲ್ಲನ್ನು ಬಿಳಿಯ ಭಾಗದಲ್ಲಿ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಅದ್ದಿ ತೆಗೆಯಿರಿ. ಹಾಲಿಲ್ಲದಿದ್ದರೆ ನಲ್ಲಿಯ ತಣ್ಣೀರಿಗೆ ಹತ್ತು ಸೆಕೆಂಡು ಒಡ್ಡಿ, ಅಷ್ಟೇ. ಉಜ್ಜಬೇಡಿ. ಸೋಪು, ಡೆಟಾಲ್, ಅರಿಶಿನ ಯಾವುದೂ ಬೇಡ. ಧೈರ್ಯವಿದ್ದರೆ ಅದರ ಜಾಗದಲ್ಲೇ ಕೂರಿಸಿ, ಕರ್ಚೀಫು ಕಚ್ಚಿಸಿ, ಹೊರಟುಬಿಡಿ. ಇಲ್ಲವಾದರೆ ಪಕ್ಕದ ಅಂಗಡಿಯಲ್ಲಿ ನಂದಿನಿ ಹಾಲಿನ ಪ್ಯಾಕೆಟ್ ಕೊಂಡು, ಲೋಟಕ್ಕೆ ಸುರಿದು, ಹಲ್ಲು ಮುಳುಗಿಸಿ ತನ್ನಿ. ಬರೀ ನೀರಿನಲ್ಲಿ ಇಟ್ಟು ತರಬೇಡಿ, ಅದರಲ್ಲಿ ಆ ಕೋಶಗಳು ಉಬ್ಬಿ ಒಡೆಯುತ್ತವೆ. ಅರ್ಧ ಗಂಟೆಯೊಳಗೆ ಬಂದರೆ ನನಗೆ ನಂಬಿಕೆ ಹೆಚ್ಚು.

ಹಾಲುಹಲ್ಲಾದರೆ ಮಾತ್ರ ವಾಪಸ್ ಕೂರಿಸಲೇಬೇಡಿ. ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಸಂಶಯವಿದ್ದರೆ ಹಾಲಿನಲ್ಲಿ ಹಾಕಿಕೊಂಡು ಬನ್ನಿ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸಿಪ್ಪೆಯನ್ನು ಹಲ್ಲಿನಲ್ಲೇ ಒಡೆದು ಹಲ್ಲು ಮುರಿದುಕೊಂಡು ಬರುವವರಿದ್ದಾರೆ. ಚೂರು ಸಿಕ್ಕರೆ ಎಸೆಯಬೇಡಿ, ಒದ್ದೆಯಾಗಿಟ್ಟು ತನ್ನಿ, ಹಲವು ಸಲ ಅಂಟಿಸಬಹುದು.

ರಾತ್ರಿ ಹಲ್ಲುನೋವು ಬಂದರೆ ಉಪ್ಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ. ನಿಮಗೆ ಒಗ್ಗುವುದಾದರೆ ಪ್ಯಾರಾಸಿಟಮಾಲ್ ನುಂಗಿ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲಿಟ್ಟರೆ ವಸಡು ಸುಡುತ್ತದೆ. ಊದಿದ ಕೆನ್ನೆಗೆ ಶಾಖ ಕೊಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಇದೆ, ದಯವಿಟ್ಟು ಬಿಡಿ. ಹೊರಗಿನಿಂದ ತಣ್ಣನೆ ಬಟ್ಟೆ ಒತ್ತಿ. ಉಳಿದಿದ್ದ ಎರಡು ಆಂಟಿಬಯೊಟಿಕ್ ನುಂಗಿ, ನೋವು ಇಳಿಯಿತೆಂದು ಸುಮ್ಮನಾಗುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಕೀವು ಅಲ್ಲೇ ಇರುತ್ತದೆ.

ಊತ ಕತ್ತಿಗೆ ಇಳಿದು, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ದಂತವೈದ್ಯರಿಗೆ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಹಗಲಿನಲ್ಲಾದರೆ ಬೆಂಗಳೂರಿನ ಕೋಟೆ ಬಳಿ ಸರ್ಕಾರಿ ದಂತ ಕಾಲೇಜಿದೆ, ವಿ.ವಿ. ಪುರದಲ್ಲಿ ವಿ.ಎಸ್. ಡೆಂಟಲ್ ಕಾಲೇಜು, ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆ. ಭಾನುವಾರ, ರಾತ್ರಿ ಸಿಗುವ ವೈದ್ಯರ ನಂಬರ್ ಈಗಲೇ ಫೋನಿನಲ್ಲಿ ಹಾಕಿಡಿ.

ಹಲ್ಲು ಕೀಳಿಸಿದ ಮೇಲೆ ರಕ್ತ ಜಿನುಗಿದರೆ, ಶುಭ್ರವಾದ ಹತ್ತಿಬಟ್ಟೆ ಒದ್ದೆ ಮಾಡಿ ಅರ್ಧ ಗಂಟೆ ಬಿಗಿಯಾಗಿ ಕಚ್ಚಿ. ನಡುವೆ ತೆಗೆದು ನೋಡಬೇಡಿ, ಉಗುಳಬೇಡಿ. ಆಗಲೂ ನಿಲ್ಲದಿದ್ದರೆ ಹೊರಡಿ.