ಬಿಲ್ಲು ಕಟ್ಟಿದ ಮೇಲಿನ ಲೆಕ್ಕ

ಮಂಗಳೂರಿನ ಹಂಪನಕಟ್ಟೆಯಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ಸಣ್ಣ ಆಫೀಸು ನನ್ನದು. ಮೂತ್ರದಲ್ಲಿ ರಕ್ತ ಕಂಡು ಪರೀಕ್ಷೆ ಮಾಡಿಸಿದಾಗ ಗೊತ್ತಾದದ್ದು ಯುರೇಕಲ್ ಕ್ಯಾನ್ಸರ್. ಗರ್ಭದಲ್ಲಿದ್ದಾಗ ಹೊಕ್ಕುಳಿನಿಂದ ಮೂತ್ರಕೋಶಕ್ಕಿದ್ದ ನಾಳದ ಉಳಿಕೆಯಲ್ಲಿ ಹುಟ್ಟುವ ಗಡ್ಡೆ ಅದು. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಶೇ. 1ರಷ್ಟೂ ಇಲ್ಲ. ಮೂತ್ರಕೋಶದ ಮೇಲ್ಭಾಗ, ಆ ನಾಳ, ಹೊಕ್ಕುಳು ಮೂರನ್ನೂ ಒಟ್ಟಿಗೆ ತೆಗೆದರು.

ಆಪರೇಷನ್ನಿನ ಬಿಲ್ಲನ್ನು ಹೆಚ್ಚುಕಡಿಮೆ ವಿಮೆಯೇ ಭರಿಸಿತು. ಕೈ ಕಟ್ಟಿದ್ದು ಮನೆಗೆ ಬಂದ ಮೇಲೆ. ಡಿಸ್ಚಾರ್ಜ್ ಆದ 60 ದಿನಗಳವರೆಗಿನ ಖರ್ಚನ್ನು ನನ್ನ ಪಾಲಿಸಿ ಕೊಡುತ್ತದೆ. ಡಾಕ್ಟ್ರು ಮೊದಲ ಸಿ.ಟಿ. ಸ್ಕ್ಯಾನ್ ಬರೆದದ್ದು ಮೂರು ತಿಂಗಳಿಗೆ! ಅಡ್ಮಿಟ್ ಆಗದೆ ಮಾಡಿಸುವ ಸ್ಕ್ಯಾನ್ ಆದ್ದರಿಂದ ಆಮೇಲಿನದ್ದೆಲ್ಲ ನಮ್ಮ ಕಿಸೆಯಿಂದಲೇ, ಅದೂ ವರ್ಷಗಟ್ಟಲೆ.

ಸಂಪಾದನೆಯ ಪಾಡು ಇನ್ನೊಂದು. ಜುಲೈ 31ರ ಗಡುವು ಹತ್ತಿರವಿದ್ದಾಗ ನಾನು ಕ್ಯಾಥೆಟರ್ ಹಾಕಿಕೊಂಡು ಮಲಗಿದ್ದೆ. “ನೀವು ರೆಸ್ಟ್ ಮಾಡಿ ಮಾರಾಯ್ರೆ, ಈ ಸಲದ್ದು ಬೇರೆ ಕಡೆ ಮಾಡಿಸ್ತೇವೆ” ಎಂದು ಗಿರಾಕಿಗಳು ಪ್ರೀತಿಯಿಂದಲೇ ಹೇಳಿದರು. ಮೂತ್ರಕೋಶ ಚಿಕ್ಕದಾದ್ದರಿಂದ ಗಳಿಗೆಗೊಮ್ಮೆ ಎದ್ದುಹೋಗಬೇಕು. ಬಸ್ಸು ಬಿಟ್ಟು ರಿಕ್ಷಾ ಹಿಡಿಯಬೇಕಾಯಿತು. ಇಂಥ ಖರ್ಚಿಗೆ ಯಾವ ಕ್ಲೈಮ್ ಫಾರ್ಮಿನಲ್ಲೂ ಜಾಗವಿಲ್ಲ. ಅದಕ್ಕೇ ಸ್ವಂತ ಉದ್ಯೋಗದವರಿಗೆ ಹೇಳುತ್ತೇನೆ: ವಿಮೆ ಇದ್ದರೂ ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇರಲಿ.

ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಕ್ಯಾನ್ಸರ್ ಚಿಕಿತ್ಸೆಗೆ 80ಡಿಡಿಬಿ ಅಡಿ 40,000 ರೂ., ಹಿರಿಯ ನಾಗರಿಕರಿಗಾದರೆ 1 ಲಕ್ಷ ರೂ.ವರೆಗೆ ಕಡಿತವಿದೆ. ವಿಮೆಯಿಂದ ಬಂದದ್ದನ್ನು ಅದರಲ್ಲಿ ಕಳೆಯಬೇಕು. ಆಪರೇಷನ್ ಮಾಡಿದವರು ಮೂತ್ರರೋಗ ತಜ್ಞರಾದರೂ ಚೀಟಿ ಕ್ಯಾನ್ಸರ್ ತಜ್ಞರದ್ದೇ ಬೇಕು.

ವಿಮೆಯೇ ಇಲ್ಲದವರು ಮೊದಲು ಇಲ್ಲೇ ಇರುವ ವೆನ್ಲಾಕ್ ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಹೆಚ್ಚೆಂದರೆ ಒಂದೂವರೆ ಲಕ್ಷ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಸೇರಿಕೊಳ್ಳಬೇಡಿ.

ಈ ಸಲ ನನ್ನ ಪ್ರೀಮಿಯಂ ಕಟ್ಟಲು ಮಗಳ ಫೀಸಿಗೆ ಇಟ್ಟಿದ್ದ ಹಣವನ್ನೇ ತೆಗೆದೆ. ಕ್ಲೈಮ್ ಮಾಡಿದ್ದಕ್ಕಾಗಿ ಕಂಪನಿ ನವೀಕರಣ ನಿರಾಕರಿಸುವಂತಿಲ್ಲ. ಆದರೆ ನಾನಾಗಿಯೇ ಕೈಬಿಟ್ಟರೆ, ಈ ಕಾಯಿಲೆಯ ಕಡತ ಹಿಡಿದುಕೊಂಡು ಹೋದವನಿಗೆ ಹೊಸ ಪಾಲಿಸಿ ಕೊಡುವವರು ಸಿಗುವುದು ಕಷ್ಟ. ಫೀಸನ್ನು ಎರಡು ಕಂತಿನಲ್ಲಿ ಕಟ್ಟಲು ಶಾಲೆಯವರು ಒಪ್ಪಿದ್ದಾರೆ.