ಕೆಂಪಾಪುರದ ಸಮಾಧಿ: ವೀಕ್ಷಣೆಯಿಂದ ಅನುಮಾನದವರೆಗೆ ಎರಡು ಪಾಠಗಳು

ತರಗತಿ: 9
ವಿಷಯ: ವಿಜ್ಞಾನ
ಪಾಠದ ಅಂಶ: ವೀಕ್ಷಣೆ, ಅನುಮಾನ, ಸಾಕ್ಷ್ಯ
ಅವಧಿ: ತಲಾ 40 ನಿಮಿಷಗಳ ಎರಡು ಪಾಠಗಳು

ಹಿನ್ನೆಲೆ

ನನ್ನ ಬೋಧನಾಭ್ಯಾಸ ನಡೆದದ್ದು ಪಶ್ಚಿಮ ಬೆಂಗಳೂರಿನಲ್ಲಿ, ಮಾಗಡಿ ರಸ್ತೆಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ. ಮೊದಲ ವಾರ ಮಕ್ಕಳ ಪ್ರಯೋಗ ಪುಸ್ತಕಗಳನ್ನು ತಿದ್ದುವಾಗ ಒಂದು ತೊಡಕು ಕಂಡಿತು. ಸುಣ್ಣದ ತಿಳಿನೀರಿಗೆ ಊದುವ ಪ್ರಯೋಗದಲ್ಲಿ 'ವೀಕ್ಷಣೆ' ಎಂಬ ಅಂಕಣದ ಕೆಳಗೆ ಬಹುತೇಕ ಎಲ್ಲರೂ 'ಕಾರ್ಬನ್ ಡೈಆಕ್ಸೈಡ್ ಬಂತು' ಎಂದು ಬರೆದಿದ್ದರು. ಅವರು ಕಣ್ಣಾರೆ ಕಂಡದ್ದು ತಿಳಿನೀರು ಹಾಲಿನಂತೆ ಬೆಳ್ಳಗಾದದ್ದನ್ನು ಮಾತ್ರ. ಅನಿಲದ ಮಾತು ಅದರಿಂದ ತೆಗೆದ ಅನುಮಾನ. ಎರಡನ್ನೂ ಬೇರೆಬೇರೆಯಾಗಿ ಹಿಡಿಯಲು ಬಾರದಿದ್ದರೆ ಮುಂದಿನ ಯಾವ ಪ್ರಯೋಗವೂ ಉರು ಹೊಡೆದ ಉತ್ತರವಾಗುತ್ತದೆ.

ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಿಂದ ಇದನ್ನು ಕಲಿಸುವುದು ಕಷ್ಟ. ಆದ್ದರಿಂದ ಪ್ರಯೋಗಾಲಯದ ಹೊರಗಿನ, ಮಕ್ಕಳಿಗೆ ಹೆಸರಿನಿಂದಲಾದರೂ ಪರಿಚಿತವಾದ ಒಂದು ವಸ್ತುವನ್ನು ಹುಡುಕಿದೆ. ಅವರು ದಿನವೂ ದಾಟಿ ಬರುವ ರಸ್ತೆ ಮಾಗಡಿಗೆ ಹೋಗುತ್ತದೆ. ಅದೇ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರದೆಂದು ಗುರುತಿಸಲಾದ ಸಮಾಧಿ ಇದೆ. ಅದನ್ನೇ ಆರಿಸಿಕೊಂಡೆ.

ಉದ್ದೇಶಗಳು

1. ವಿದ್ಯಾರ್ಥಿಯು ಕಂಡ ಸಂಗತಿಯನ್ನೂ ಅದರಿಂದ ತೆಗೆದ ಅನುಮಾನವನ್ನೂ ಬೇರ್ಪಡಿಸಿ ಬರೆಯುವನು/ಳು.
2. ಒಂದೇ ಸಾಕ್ಷ್ಯಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳನ್ನು ಕೊಡುವನು/ಳು.
3. ವರ್ಷಗಳನ್ನು ಸಂಖ್ಯಾರೇಖೆಯ ಮೇಲೆ ಅಳತೆಗೆ ತಕ್ಕಂತೆ ಗುರುತಿಸುವನು/ಳು.

ಕಲಿಕೋಪಕರಣಗಳು: ಪತ್ರಿಕೆಗಳಲ್ಲಿ ಬಂದ ಸಮಾಧಿಯ ಚಿತ್ರಗಳು, ಆರು ಮೀಟರ್ ಹಗ್ಗ, ಅಳತೆ ಪಟ್ಟಿ, ವರ್ಷದ ಚೀಟಿಗಳು.

ಶಿಕ್ಷಕರಿಗೆ ಬೇಕಾದ ಮಾಹಿತಿ

ಕೆಂಪೇಗೌಡರ ಪೂರ್ವಜರು ಕಂಚಿಯ ಕಡೆಯಿಂದ ವಲಸೆ ಬಂದು ದೇವನಹಳ್ಳಿ ಬಳಿಯ ಆವತಿಯಲ್ಲಿ ನೆಲೆಸಿದರೆಂದು ಪರಂಪರೆ ಹೇಳುತ್ತದೆ. ಆ ಮನೆತನದ ಒಂದು ಕವಲು ವಿಜಯನಗರದ ಅರಸರಿಗೆ ಅಧೀನವಾಗಿ ಯಲಹಂಕ ನಾಡನ್ನು ಆಳಿತು. ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ, ಪೇಟೆ ಕಟ್ಟಿಸಿದರು. 1569ರಲ್ಲಿ ತೀರಿಕೊಂಡರು ಎಂದು ಪುಸ್ತಕಗಳಲ್ಲಿದೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೇನೆಗೆ ಬೆಂಗಳೂರು ಸೋತ ಮೇಲೆ ಮನೆತನ ಮಾಗಡಿಯನ್ನು ನೆಲೆ ಮಾಡಿಕೊಂಡಿತು. 1728ರಲ್ಲಿ ಮೈಸೂರಿನವರು ಮಾಗಡಿ, ಸಾವನದುರ್ಗಗಳನ್ನು ಗೆದ್ದರು. ಕೊನೆಯ ಪ್ರಭು ಕೆಂಪವೀರಗೌಡರನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿಟ್ಟರು.

ಕೆಂಪಾಪುರದ ಸಮಾಧಿ 2015ರಲ್ಲಿ ಸುದ್ದಿಯಾಯಿತು. ಗೋಪುರವಿರುವ ಸಣ್ಣ ಕಟ್ಟಡ ಅದು. ಅದರ ಮೇಲಿನ ಕನ್ನಡ ಬರಹವನ್ನು ಓದಿದವರ ಪ್ರಕಾರ, ಮಾಗಡಿಯ ಕೆಂಪೇಗೌಡರು ಕುಣಿಗಲಿನಿಂದ ಹಿಂದಿರುಗುವಾಗ ತೀರಿಕೊಂಡ ಸ್ಥಳ ಇದು.

ಮೊದಲನೆಯ ಪಾಠ

ಚಿತ್ರಗಳನ್ನು ಗುಂಪಿಗೊಂದರಂತೆ ಹಂಚಿ, ಹಲಗೆಯ ಮೇಲೆ 'ವೀಕ್ಷಣೆ', 'ಅನುಮಾನ' ಎಂದು ಎರಡು ಅಂಕಣ ಎಳೆದೆ. ಕೂಡಲೇ ಒಬ್ಬ ಹುಡುಗ, "ಮಿಸ್, ಆ ಕಲ್ಲಿನ ಮೇಲೆ ನಿಮಗೆ ಅನುಮಾನವಾ?" ಎಂದ. ತರಗತಿ ನಕ್ಕಿತು. ನಾನು ಪಾಠಯೋಜನೆಯಲ್ಲಿ ಈ ಪದಕ್ಕೆ ಅರ್ಥ ಹೇಳುವ ಹಂತವನ್ನೇ ಇಟ್ಟಿರಲಿಲ್ಲ. ಮನೆಯಲ್ಲಿ ಅನುಮಾನ ಎಂದರೆ ಸಂಶಯ. ಇಲ್ಲಿ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ಹೊಗೆ ಕಂಡು ಬೆಂಕಿ ಇದೆ ಎನ್ನುವ ಹಳೆಯ ಉದಾಹರಣೆ ಕೊಟ್ಟ ಮೇಲೆ ಕೆಲಸ ಮುಂದೆ ಸಾಗಿತು.

'ಇದು ಕೆಂಪೇಗೌಡರ ಸಮಾಧಿ' ಎಂಬ ವಾಕ್ಯವನ್ನು ಎಲ್ಲ ಗುಂಪುಗಳೂ ವೀಕ್ಷಣೆಯ ಅಂಕಣದಲ್ಲಿ ಬರೆದವು. ಹೇಗೆ ಗೊತ್ತು ಎಂದಾಗ, "ಊರಿನ ಹೆಸರೇ ಕೆಂಪಾಪುರ" ಎಂಬ ಉತ್ತರ ಬಂತು. ಆಗ ಇನ್ನೊಬ್ಬಳು, "ನಮ್ಮನೆ ಇರೋದು ಕೆಂಪಾಪುರ ಅಗ್ರಹಾರದಲ್ಲಿ ಮಿಸ್. ಹಾಗಾದರೆ ಅಲ್ಲೂ ಸಮಾಧಿ ಇರಬೇಕಲ್ಲ?" ಎಂದಳು. ಮಾಗಡಿ ರಸ್ತೆಯ ಬದಿಯ ಬಡಾವಣೆಯೊಂದು ನನ್ನ ವಿವರಣೆಯ ಕೆಲಸವನ್ನು ಹಗುರ ಮಾಡಿತು. ಹೆಸರೊಂದೇ ಸಾಕ್ಷ್ಯವಾಗದು ಎಂದು ಮಕ್ಕಳೇ ಹೇಳಿ, ವಾಕ್ಯವನ್ನು ಎರಡನೆಯ ಅಂಕಣಕ್ಕೆ ಸರಿಸಿದರು.

ಪಾಠದ ಕೊನೆಯಲ್ಲಿ ನಾನು ಕೊಟ್ಟ ಮನೆಗೆಲಸ ಮಾತ್ರ ತಪ್ಪಾಗಿತ್ತು: 'ನಿಮ್ಮ ಮನೆತನದ ಹಿರಿಯರ ಸಮಾಧಿ ಎಲ್ಲಿದೆ, ಅದರ ಮೇಲೆ ಏನು ಬರೆದಿದೆ, ಕೇಳಿ ಬರೆದುಕೊಂಡು ಬನ್ನಿ.' ಮರುದಿನ 34 ಮಕ್ಕಳಲ್ಲಿ ಬರೆದು ತಂದವರು ಐವರು. ಸುಡುವ ಪದ್ಧತಿಯ ಮನೆಗಳಲ್ಲಿ ಸಮಾಧಿಯೇ ಇಲ್ಲ. ಒಬ್ಬ ಹುಡುಗನ ಮನೆಯಲ್ಲಿ ಎರಡು ತಿಂಗಳ ಹಿಂದಷ್ಟೇ ಸಾವಾಗಿತ್ತು. ಅವನು ತಲೆ ಎತ್ತಲಿಲ್ಲ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ನಮ್ಮಜ್ಜನ್ನ ಹೊಲದಾಗ ಮಣ್ಣು ಮಾಡ್ಯಾರ್ರಿ ಮಿಸ್. ಕಲ್ಲಿಲ್ಲ, ಒಂದು ಬೇವಿನ ಗಿಡ ಅದ. ಅದನ್ನ ಬರೀಬಹುದೇನ್ರಿ?"

ಬರೆಯಬಹುದು ಎಂದೆನಾದರೂ ಅದನ್ನು ಯಾವ ಅಂಕಣದಲ್ಲಿ ಎಂದು ಹೇಳಲು ನನಗೇ ತೋಚಲಿಲ್ಲ. ಅಂದು ನನ್ನ ಮಾರ್ಗದರ್ಶಿ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದರು: ಕಲ್ಲು ಹಾಕಿಸಲು ಶಕ್ತಿಯಿದ್ದವರ ಪಾಠವೋ ಇದು, ಎಲ್ಲರ ಪಾಠವೋ?

ಎರಡನೆಯ ಪಾಠ

ಆ ಪ್ರಶ್ನೆಯಿಂದಲೇ ಎರಡನೆಯ ಪಾಠವನ್ನು ಮತ್ತೆ ಯೋಜಿಸಿದೆ. ಅಂಗಳದಲ್ಲಿ ಹಗ್ಗ ಹಾಸಿ, ಒಂದು ಮೀಟರಿಗೆ ನೂರು ವರ್ಷ ಎಂಬ ಅಳತೆ ಇಟ್ಟೆವು. 1500 ಸೊನ್ನೆಯಾದರೆ ಒಂದೊಂದು ಸೆಂಟಿಮೀಟರೂ ಒಂದೊಂದು ವರ್ಷ. 1537ರ ಚೀಟಿ 37 ಸೆಂ.ಮೀ.ನಲ್ಲಿ, 1569ರದು 69ರಲ್ಲಿ, 1638ರದು 1 ಮೀಟರ್ 38ರಲ್ಲಿ, 1728ರದು 2 ಮೀಟರ್ 28ರಲ್ಲಿ, 2015ರದು 5 ಮೀಟರ್ 15ರಲ್ಲಿ. ನಾಲ್ಕು ಚೀಟಿಗಳು ಒಂದೇ ಕಡೆ ಒತ್ತಾಗಿ, ಆಮೇಲೆ ಸುಮಾರು ಮೂರು ಮೀಟರ್ ಬರಿ ಹಗ್ಗ. 1569ರಿಂದ 2015ಕ್ಕೆ ಎಷ್ಟು ಎಂದು ಅಳೆದವರಿಗೆ 4 ಮೀಟರ್ 46 ಸೆಂ.ಮೀ. ಸಿಕ್ಕಿತು, 446 ವರ್ಷ ಎಂದು ಕಳೆದು ನೋಡಿ ತಾಳೆ ಮಾಡಿದರು.

ಹಗ್ಗದ ಮುಂದೆ ನಿಂತಾಗ ಹುಟ್ಟಿದ ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ. "ಮಾಗಡಿಗೆ ಹೋಗಿದ್ದು 1638ರ ಮೇಲೆ. ಇವರು ಸತ್ತಿದ್ದು 1569ರಲ್ಲಿ. ಕಲ್ಲಿನ ಮೇಲೆ ಮಾಗಡಿಯ ಕೆಂಪೇಗೌಡ ಅಂತ ಹೇಗೆ ಬಂತು?" ಗುಂಪುಗಳು ಮೂರು ವಿವರಣೆ ಕೊಟ್ಟವು. ಒಂದು, ಬರಹವನ್ನು ಆಮೇಲಿನ ಕಾಲದವರು ಹಾಕಿಸಿರಬಹುದು. ಎರಡು, ರಾಜಧಾನಿಯಾಗುವ ಮೊದಲೇ ಮಾಗಡಿ ಅವರ ಕೈಯಲ್ಲಿ ಇದ್ದಿರಬಹುದು. ಮೂರು, ಮನೆತನದಲ್ಲಿ ಇಮ್ಮಡಿ, ಮುಮ್ಮಡಿ ಕೆಂಪೇಗೌಡರೂ ಇದ್ದುದರಿಂದ ಬರಹ ಬೇರೊಬ್ಬರದಿರಬಹುದು. ಯಾವುದು ಸರಿ ಎಂದು ನಾನು ಹೇಳಲಿಲ್ಲ. ಪ್ರತಿಯೊಂದನ್ನೂ ಪರೀಕ್ಷಿಸಲು ಇನ್ನೇನು ಸಾಕ್ಷ್ಯ ಬೇಕು ಎಂದು ಕೇಳಿದೆ. ಅಕ್ಷರದ ರೂಪ, ಕಟ್ಟಡದ ಶೈಲಿ, ಅದೇ ಕಾಲದ ಬೇರೆ ಶಾಸನಗಳು ಎಂಬ ಪಟ್ಟಿ ಅವರಿಂದಲೇ ಬಂತು.

ನಂತರ ಬೇವಿನ ಮರಕ್ಕೆ ಬಂದೆವು. ಮರ ಇರುವುದು ವೀಕ್ಷಣೆ. ಅದರ ಬುಡದಲ್ಲಿ ಅಜ್ಜನಿದ್ದಾನೆ ಎಂಬುದು ಮಣ್ಣು ಮಾಡಿದವರ ಸಾಕ್ಷಿಮಾತು. ಮನೆಯ ಇಬ್ಬರನ್ನು ಬೇರೆಬೇರೆಯಾಗಿ ಕೇಳಿ ಉತ್ತರ ಒಂದೇ ಆದರೆ ಅದಕ್ಕೆ ಬಲ ಹೆಚ್ಚು. "ಕೇಳೋರು ಇರಬೇಕಷ್ಟೇ ರೀ," ಎಂದಳು ಆ ಹುಡುಗಿ. ಕಲ್ಲಿಗೂ ಮರಕ್ಕೂ ಇರುವ ವ್ಯತ್ಯಾಸವನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ: ಓದುವವರು ಇಲ್ಲದಿದ್ದರೂ ಬರಹ ಕಾಯುತ್ತದೆ, ಸಾಕ್ಷಿಮಾತು ಕಾಯುವುದಿಲ್ಲ.

ಮನೆಗೆಲಸವನ್ನೂ ಬದಲಿಸಿದೆ: 'ನಿಮ್ಮ ಕುಟುಂಬಕ್ಕೆ ಸೇರಿದ ಯಾವುದಾದರೂ ಒಂದು ಹಳೆಯ ಗುರುತು (ಮರ, ಬಾವಿ, ಪಾತ್ರೆ, ಮನೆಯ ಹೆಸರು). ಏನು ಕಾಣುತ್ತದೆ? ಯಾರು ಏನು ಹೇಳುತ್ತಾರೆ? ನೀವು ಏನು ಅನುಮಾನಿಸುತ್ತೀರಿ?' ಈ ಸಲ 31 ಮಂದಿ ತಂದರು. ತಲೆ ಎತ್ತದೆ ಕುಳಿತಿದ್ದ ಹುಡುಗ ಹಿತ್ತಾಳೆಯ ತಂಬಿಗೆಯೊಂದರ ಬಗ್ಗೆ ಬರೆದಿದ್ದ. ಅದರ ಮೇಲೆ ಕೊರೆದ ಹೆಸರು ಯಾರದೆಂದು ನಾನು ಕೇಳಲಿಲ್ಲ.

ಮೌಲ್ಯಮಾಪನ

ವಾರದ ನಂತರ ಸುಣ್ಣದ ತಿಳಿನೀರಿನ ಪ್ರಯೋಗವನ್ನೇ ಮತ್ತೆ ಬರೆಸಿದೆ. 34ರಲ್ಲಿ 27 ಮಕ್ಕಳು ಬಣ್ಣದ ಬದಲಾವಣೆಯನ್ನು ವೀಕ್ಷಣೆಯಲ್ಲೂ ಅನಿಲವನ್ನು ಅನುಮಾನದಲ್ಲೂ ಬರೆದರು. ಉಳಿದ ಏಳು ಮಂದಿಗೆ ಹೊಗೆ–ಬೆಂಕಿಯ ಉದಾಹರಣೆಯಿಂದಲೇ ಮತ್ತೆ ಆರಂಭಿಸಬೇಕಾಯಿತು.

ಮುಂದೆ ಈ ಪಾಠ ಮಾಡುವವರಿಗೆ

ಸಾವಿನ ವಿಷಯವಿರುವ ಪಾಠದಲ್ಲಿ ಮಕ್ಕಳ ಮನೆಯ ಸಾವನ್ನು ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. 'ಅನುಮಾನ' ಪದವನ್ನು ಮೊದಲ ಐದು ನಿಮಿಷದಲ್ಲೇ ಬಿಡಿಸಿ. ಹಗ್ಗದ ಚಟುವಟಿಕೆಗೆ ಪೂರ್ತಿ 20 ನಿಮಿಷ ಇಡಿ. ಪ್ರಶ್ನೆ ಹುಟ್ಟುವುದು ಅಲ್ಲಿಯೇ. ಸಮಾಧಿ ಯಾರದೆಂಬ ತೀರ್ಪನ್ನು ತರಗತಿಯಲ್ಲಿ ಕೊಡಬೇಕಾಗಿಲ್ಲ. ಯಾವ ಮಾತಿಗೆ ಯಾವ ಆಧಾರ ಎಂದು ಮಗು ಕೇಳತೊಡಗಿದರೆ ಪಾಠದ ಉದ್ದೇಶ ಈಡೇರಿದಂತೆ.